ನಾಲ್ಕನೇ ಸ್ಕ್ರೂ

ಎರಡು ವೈರು ಅದಲುಬದಲು ಮಾಡಲು ಅವನಿಗೆ ಮೂರು ನಿಮಿಷವೂ ಹಿಡಿಯಲಿಲ್ಲ. ಒಳಗೆ ಎಲ್ಲರೂ ಊಟಕ್ಕೆ ಕೂತಿದ್ದರು. ಭಾವ ಏನೋ ಹೇಳುತ್ತಿದ್ದ, ಅಪ್ಪ ಬಿದ್ದು ಬಿದ್ದು ನಗುತ್ತಿದ್ದರು. ಮಗನಾದ ಅವನ ಮಾತಿಗೆ ಅಪ್ಪ ಹಾಗೆ ನಕ್ಕಿದ್ದೇ ಇಲ್ಲ. ಅವನು ಕಬ್ಬಿಣ ಕಡೆಯುವ ಲೇತಿನ ಮೋಟಾರಿನ ಮುಚ್ಚಳ ಬಿಚ್ಚಿದ, ಮೂರು ವೈರಿನಲ್ಲಿ ಎರಡರ ಜಾಗ ಬದಲಿಸಿದ, ಮುಚ್ಚಳ ಹಾಕಿದ. ಇನ್ನು ಲೇತು ಉಲ್ಟಾ ತಿರುಗುತ್ತದೆ. ಊಟವಾದ ಮೇಲೆ ಬರಲಿರುವ ಫೋರ್ಮನ್ ಎದುರಿಗೇ ಭಾವ ತಂದ ಡಬ್ಬಿಯ ಮಾನ ಹರಾಜಾಗುತ್ತದೆ.

ಡಬ್ಬಿ ಬಂದಿದ್ದು ಅವತ್ತು ಬೆಳಿಗ್ಗೆ. ಅಲ್ಲಿಯವರೆಗೆ ಮೂರು ಫೇಸಿನ ಕರೆಂಟು ಬೇಕಾದ ಲೇತನ್ನು ಮನೆಯ ಒಂದೇ ಫೇಸಿನಲ್ಲಿ ಓಡಿಸುತ್ತಿದ್ದವನು ಅವನು. ಗುಜರಿಯಿಂದ ಹಳೇ ಮೋಟಾರೊಂದನ್ನು ಹೊತ್ತು ತಂದಿದ್ದ. ಅದಕ್ಕೆ ಹಗ್ಗ ಸುತ್ತಿ ಜಗ್ಗಿ, ತಿರುಗಿದ ಕೂಡಲೇ ಸ್ವಿಚ್ ಹಾಕಿದರೆ, ಮನೆಗೆ ಬಾರದ ಫೇಸನ್ನು ಅದೇ ಹುಟ್ಟಿಸಿ ಲೇತಿಗೆ ಕೊಡುತ್ತಿತ್ತು. ದೀಪ ಮಂಕಾಗುತ್ತಿತ್ತು. ಎರಡು ದಿನಕ್ಕೊಮ್ಮೆ ಫ್ಯೂಸು ಹೋಗಿ ಅಮ್ಮ ಅಡುಗೆಮನೆಯಿಂದಲೇ ಸಹಸ್ರನಾಮ ಶುರು ಮಾಡುತ್ತಿದ್ದಳು. ಕೆಲಸ ಮಾತ್ರ ಒಂದು ದಿನವೂ ನಿಂತಿರಲಿಲ್ಲ. "ಎಂಟನೇ ಕ್ಲಾಸು ದಾಟಿಲ್ಲ ಕಣಯ್ಯ, ಕರೆಂಟಿಗೇ ಟೋಪಿ ಹಾಕ್ಬಿಟ್ಟ" ಎಂದು ಅಪ್ಪ ತಮ್ಮ ಹಳೇ ಕಾರ್ಖಾನೆಯ ಫೋರ್ಮನ್‌ಗೆ ತೋರಿಸಿದ್ದರು. ಹುಟ್ಟಿದ ಮೇಲೆ ಅಪ್ಪನ ಬಾಯಿಂದ ಅವನಿಗೆ ಸಿಕ್ಕ ಹೊಗಳಿಕೆ ಅದೊಂದೇ.

ಈಗ ಅಕ್ಕನ ಗಂಡ ಒಂದು ಫೇಸನ್ನು ತಾನೇ ಮೂರು ಮಾಡುವ, ಟಿಫಿನ್ ಡಬ್ಬಿಯಷ್ಟಿರುವ ಡ್ರೈವು ತಂದು ಗೋಡೆಗೆ ಹೊಡೆದಿದ್ದ. ಒಂದು ಬೆರಳು ಒತ್ತಿದರೆ ಲೇತು ಬೆಕ್ಕಿನ ಹಾಗೆ ಗುರುಗುಟ್ಟಿತು. ದೀಪ ಮಿಣುಕಲೂ ಇಲ್ಲ. ಅಪ್ಪ ಪಕ್ಕದಲ್ಲೇ ನಿಂತು ಕಣ್ಣರಳಿಸಿ ನೋಡಿದರು. ಭಾವ ಲೇತಿನ ಮೋಟಾರಿನ ಮುಚ್ಚಳ ಬಿಗಿಯುವಾಗ, "ನೋಡಿ ಕಲಿ. ನಾಲ್ಕೂ ಸ್ಕ್ರೂ ಹಾಕ್ತಾರೆ. ನೀನಾಗಿದ್ರೆ ಮೂರಕ್ಕೇ ಕೈ ತೊಳ್ಕೊತಿದ್ದೆ" ಎಂದರು ಅಪ್ಪ. ಆಮೇಲೆ ಹಗ್ಗದ ಕಡೆ ಗದ್ದ ತೋರಿಸಿ, "ಅದನ್ನ ನಿಮ್ಮಮ್ಮನಿಗೆ ಕೊಡು, ಬಟ್ಟೆ ಒಣಗಿಸ್ಕೊಳ್ಳಿ" ಎಂದರು. ಎರಡು ವರ್ಷ ಅಂಗೈ ಸುಲಿದ ಹಗ್ಗ.

ಊಟ ಮುಗಿಯುವ ಹೊತ್ತಿಗೆ ಫೋರ್ಮನ್ ಬಂದರು. "ಎಲ್ಲಪ್ಪ ನಿನ್ನ ಹಗ್ಗ? ಜಗ್ಗೋದು ಇನ್ನೊಂದ್ಸಲ ನೋಡೋಕೆ ಬಂದೆ."

"ಹಗ್ಗ ಎಲ್ಲ ಹಳೇ ಕತೆ. ನಮ್ಮ ಅಳಿಯಂದಿರ ತಲೆ ನೋಡು" ಎಂದು ಅಪ್ಪ ತಾವೇ ಲೇತಿನ ಮುಂದೆ ಬಗ್ಗಿ ಗುಂಡಿ ಒತ್ತಿದರು.

ಕಬ್ಬಿಣದ ತುಂಡು ಕಚ್ಚಿಕೊಂಡಿದ್ದ ಚಕ್ಕು ಉಲ್ಟಾ ತಿರುಗಿತು. ಕಬ್ಬಿಣ ಟೂಲಿನ ಅಲಗಿಗೆ ಉಜ್ಜಿ ಕಿರುಚಿತೇ ಹೊರತು ಒಂದು ಚೂರೂ ಸುಲಿಯಲಿಲ್ಲ.

"ಇದೇನಯ್ಯ, ನಿನ್ನ ಅಳಿಯಂದಿರು ಎಡಚರಾ?" ಫೋರ್ಮನ್ ನಕ್ಕರು.

ಅವನೂ ತುಟಿ ಅಗಲಿಸಿದ. ಅಷ್ಟರಲ್ಲಿ ಅಪ್ಪನ ಎದೆ ಕಾಣಿಸಿತು, ಚಕ್ಕಿಗೆ ಗೇಣು ದೂರದಲ್ಲಿ. ಅವರ ಹಳೇ ಲೇತಿನಲ್ಲಿ ಚಕ್ಕು ಕೂತಿರುವುದು ಬರೀ ತಿರುಪಿನ ಸುತ್ತಿನ ಮೇಲೆ, ಬಾಟಲಿಯ ಮುಚ್ಚಳದ ಹಾಗೆ. ಉಲ್ಟಾ ತಿರುಗಿದರೆ ಬಿಚ್ಚಿಕೊಂಡು ಬರುತ್ತದೆ. ಹನ್ನೆರಡನೇ ವಯಸ್ಸಿನಲ್ಲಿ, ಲೇತು ಮುಟ್ಟಿದ ಮೊದಲ ದಿನವೇ, ಕೆನ್ನೆಗೊಂದು ಕೊಟ್ಟು ಅಪ್ಪ ಹೇಳಿಕೊಟ್ಟ ಪಾಠ. ವೈರು ಬದಲಿಸುವಾಗ ಅದೊಂದು ಬಿಟ್ಟು ಬೇರೆಲ್ಲ ನೆನಪಿತ್ತು. ಕೂಗಲು ಬಾಯಿ ತೆರೆದ.

ಭಾವ ನುಗ್ಗಿ ಬಂದು ಲೇತು ನಿಲ್ಲಿಸಿದ. ಚಕ್ಕನ್ನು ಕೈಯಿಂದ ಬಿಗಿದು ನೋಡಿದ. ಡಬ್ಬಿಯ ಮೇಲಿನ ಇನ್ನೊಂದು ಗುಂಡಿ ಒತ್ತಿದ. ಲೇತು ಸರಿಯಾಗಿ ತಿರುಗಿತು, ಕಬ್ಬಿಣದ ಸುರುಳಿ ಸರಸರನೆ ಇಳಿಯಿತು.

"ತಪ್ಪು ನಂದೇ ಮಾವ. ವೈರು ಅದಲುಬದಲು ಕೊಟ್ಟಿದ್ದೆ."

"ಹೂಂ" ಎಂದರು ಅಪ್ಪ.

"ಉಲ್ಟಾ ತಿರುಗಿದ್ರೆ ಅದಕ್ಕೂ ಒಂದು ಗುಂಡಿ!" ಫೋರ್ಮನ್ ಬೆರಗಾದರು. ಅವನ ಹೊಟ್ಟೆಯೊಳಗಿನ ಅಷ್ಟೂ ಬೆಂಕಿಗೆ ಆ ಡಬ್ಬಿಯಲ್ಲಿ ಒಂದು ಗುಂಡಿ ಸಾಕಾಗಿತ್ತು.

ಫೋರ್ಮನ್ ಹೋದ ಮೇಲೆ ಅಪ್ಪ ಅವನ ಹತ್ತಿರ ಬಂದು ಮುಷ್ಟಿ ಬಿಚ್ಚಿದರು. ಒಂದು ಸ್ಕ್ರೂ.

"ಮೋಟಾರಿನ ಕೆಳಗೆ ಬಿದ್ದಿತ್ತು."

ಅವನು ಮೋಟಾರಿನ ಮುಚ್ಚಳದ ಕಡೆ ನೋಡಿದ, ಮೂರೇ ಸ್ಕ್ರೂ ಇದ್ದವು.

"ಬೆಳಿಗ್ಗೆ ಸರಿಯಾಗೇ ತಿರುಗಿತ್ತು, ನಾನೇ ನೋಡಿದೀನಿ. ಅವರು ತಪ್ಪು ನಂದು ಅಂದ್ರು, ನಾನು ಹೂಂ ಅಂದೆ. ನಿನ್ನ ಮಾನ ಮುಚ್ಚೋಕೆ ಇವತ್ತು ಇಬ್ಬರು ಸುಳ್ಳು ಹೇಳಿದ್ವಿ." ಸ್ಕ್ರೂವನ್ನು ಅವನ ಅಂಗೈಗೆ ಹಾಕಿದರು, ಹಗ್ಗ ಜಗ್ಗಿ ಜಡ್ಡುಗಟ್ಟಿದ ಜಾಗಕ್ಕೆ ಸರಿಯಾಗಿ. "ಹೋಗಿ ಹಾಕು."

ಅವನು ಮೋಟಾರಿನ ಮುಂದೆ ಕುಕ್ಕರಗಾಲಲ್ಲಿ ಕೂತ. ಒಳಗೆ ಭಾವ ಮತ್ತೇನೋ ಹೇಳಿದ್ದು ಕೇಳಿಸಿತು. ಈ ಸಲ ಅಪ್ಪ ನಗಲಿಲ್ಲ. ಸ್ಕ್ರೂ ಒಳಹೋಗಿ ಬಿಗಿಯಾಯಿತು. ಅವನು ತಿರುಗಿಸುತ್ತಲೇ ಇದ್ದ, ಅದರ ತಲೆಯ ಸೀಳು ಪೂರಾ ಸವೆದುಹೋಗುವವರೆಗೆ.