ಅತ್ತೆ ನಡೆದ ಮಹಡಿ

ಮೇಲೆ ಅತ್ತೆ ನಡೆಯುತ್ತಿದ್ದರು, ಕೆಳಗೆ ಸದ್ದೇ ಇಲ್ಲ. ಬಿಲ್ಡರ್ ಕುರ್ಚಿಗೆ ಒರಗಿ, ಕತ್ತೆತ್ತಿ, ಮರದ ಚಾವಣಿಯನ್ನೇ ನೋಡುತ್ತ ಕುಳಿತಿದ್ದರು. ಆರ್ಕಿಟೆಕ್ಟ್ ಸೊಸೆ ಮೇಜಿನ ಮೇಲಿದ್ದ ಸದ್ದಳೆಯುವ ಯಂತ್ರದಿಂದ ಕಣ್ಣು ಕೀಳಲಿಲ್ಲ. ಅದರ ಅಂಕಿ ಕದಲದೆ ಇದ್ದಲ್ಲೇ ಇತ್ತು.

"ನಡೀತಿದಾರಾ, ಇಲ್ಲ ಕೂತುಬಿಟ್ರಾ?" ಬಿಲ್ಡರ್ ಕೇಳಿದರು.

ಅವಳು ಫೋನ್ ಮಾಡಿ ವಿಚಾರಿಸಿದಳು. "ಕಿಟಕಿಯಿಂದ ಬಾಗಿಲಿಗೆ, ಬಾಗಿಲಿಂದ ಕಿಟಕಿಗೆ ಸುತ್ತುತಾನೇ ಇದೀನಿ. ಕುರ್ಚಿನೂ ಆ ಕಡೆ ಈ ಕಡೆ ಮಾಡ್ದೆ. ಇನ್ನೇನ್ ಮಾಡ್ಲಿ ಹೇಳು," ಎಂದರು ಅತ್ತೆ.

ಬಿಲ್ಡರ್ ಮುಖ ಅರಳಿತು. ಕೆಳಗಿನ ಮಹಡಿಗಳಲ್ಲಿ ಕಚೇರಿ, ಮೇಲಿನವುಗಳಲ್ಲಿ ಮನೆ, ಇಡೀ ಕಟ್ಟಡ ಮರದ್ದು ಎಂದು ಅವಳು ನಕ್ಷೆ ಹರಡಿದಂದಿನಿಂದ ಅವರದು ಒಂದೇ ತಕರಾರು. ಮೇಲಿನ ಮನೆಯವರು ಓಡಾಡಿದರೆ ಕೆಳಗೆ ಕೂತು ಕೆಲಸ ಮಾಡುವವರ ತಲೆ ಚಿಟ್ಟು ಹಿಡಿಯುತ್ತದೆ. ಅದಕ್ಕಿಂತ ಕಾಂಕ್ರೀಟೇ ವಾಸಿ. ಅದಕ್ಕೇ ಅವಳು ಈ ಶೆಡ್ಡಿನೊಳಗೆ ಒಂದರ ಮೇಲೊಂದು ಎರಡು ಮಾದರಿ ಕೋಣೆ ಕಟ್ಟಿಸಿದ್ದಳು. ದಪ್ಪ ಮರದ ಹಲಗೆ, ಅದರ ಮೇಲೆ ಜಲ್ಲಿ ಪುಡಿಯ ಪದರ, ರಬ್ಬರ್ ಹಾಸು, ಕೊನೆಗೆ ನಡೆಯುವ ನೆಲ. ಬೆಳಗ್ಗೆ ಸುತ್ತಿಗೆ ಬಡಿಯುವ ಯಂತ್ರ ಇಟ್ಟು ತೋರಿಸಿದರೆ ಬಿಲ್ಡರ್ ಒಪ್ಪಲಿಲ್ಲ. "ಯಂತ್ರ ಬಾಡಿಗೆಗೆ ಬರಲ್ಲಮ್ಮ, ಮನುಷ್ಯರು ಬರ್ತಾರೆ. ಮನುಷ್ಯರನ್ನ ನಡೆಸಿ ತೋರ್ಸು." ಹಾಗಾಗಿ ಅತ್ತೆಗೆ ಬುಲಾವ್ ಹೋಗಿತ್ತು. ಅತ್ತೆ ಗಟ್ಟಿಮುಟ್ಟಾದ ಆಳು. ಸೊಸೆ ದಿನವಿಡೀ ಏನು ಮಾಡುತ್ತಾಳೆಂದು ನೋಡುವ ಆಸೆ ಅವರಿಗೂ ಇತ್ತು, ಕರೆದದ್ದೇ ತಡ ಬಂದಿದ್ದರು.

"ಆಯ್ತಲ್ಲ," ಬಿಲ್ಡರ್ ಎದ್ದು ಕೈ ಚಾಚಿದರು. "ಕಾಂಕ್ರೀಟ್ ಮಾತು ಬಿಟ್ಟೆ. ಎಲ್ಲ ಮಹಡಿಗೂ ಇದೇ ನೆಲ ಇರ್ಲಿ."

ಅವಳು ಕುಣಿದಾಡಬೇಕಿತ್ತು. ಆದರೆ ಒಳಗೇನೋ ಕೊರೆಯಿತು. ಬೆಳಗ್ಗೆ ಸುತ್ತಿಗೆ ಬಡಿದಾಗ ಅಂಕಿ ಮಿತಿಯ ಅಂಚಿಗೆ ಬಂದು, ನೆಲ ಹೇಗೋ ಪಾಸಾಗಿತ್ತು. ಈಗ ಅಷ್ಟು ತೂಕದ ಮನುಷ್ಯರು ಓಡಾಡಿದರೂ ಅದು ಮಿಸುಕಲಿಲ್ಲವೆಂದರೆ ಹೇಗೆ? ಲೆಕ್ಕ ತಪ್ಪಿದ್ದು ಒಳ್ಳೆಯದಕ್ಕೇ ಇರಬಹುದು, ಯಾಕೆ ತಪ್ಪಿತೆಂದು ತಿಳಿಯದೆ ಅವಳಿಗೆ ಸಮಾಧಾನವಿಲ್ಲ. "ಒಂದ್ನಿಮಿಷ ಸರ್, ಬಂದೆ," ಎಂದು ಮೆಟ್ಟಿಲು ಹತ್ತಿದಳು.

ಮೇಲಿನ ಬಾಗಿಲು ಅರ್ಧ ತೆರೆದಿತ್ತು. ಅತ್ತೆ ಬೆನ್ನು ಹಾಕಿ ನಡೆಯುತ್ತಿದ್ದರು. ಮೊದಲು ಬೆರಳು, ಆಮೇಲೆ ಅಂಗಾಲು, ಹಿಮ್ಮಡಿಯೋ ನೆಲಕ್ಕೆ ತಾಕಿದರೆ ತಾಕಿತು, ಇಲ್ಲದಿದ್ದರೆ ಇಲ್ಲ. ಕಿಟಕಿಯ ಹತ್ತಿರ ಹೋಗಿ ಕುರ್ಚಿಯನ್ನು ಎರಡೂ ಕೈಯಲ್ಲಿ ಎತ್ತಿ, ಹೊಟ್ಟೆಗೆ ಅವುಚಿಕೊಂಡು ತಂದು, ಬಿಸಿ ಹಾಲಿನ ಪಾತ್ರೆ ಇಳಿಸುವಂತೆ ಒಂದೊಂದೇ ಕಾಲು ಊರಿಸಿ ಇಟ್ಟರು.

"ಅತ್ತೆ, ಹೀಗಲ್ಲ. ಮನೇಲಿ ಓಡಾಡೋ ಹಾಗೆ ಓಡಾಡಿ ಅಂದಿದ್ನಲ್ಲ."

ಅತ್ತೆ ತಿರುಗಿದರು. "ಹಾಗೇ ತಾನೆ ಓಡಾಡ್ತಿರೋದು?"

"ಮನೇಲಿ ಹೀಗೆ ಬೆರಳ ತುದೀಲಿ ನಡೀತೀರಾ?"

"ನೀನು ಒಳಗೆ ಕೂತು ಗೆರೆ ಎಳೀತಿರ್ತೀಯಲ್ಲ. ನಾನು ನಿಮ್ಮನೆಗೆ ಬಂದ ಹೊಸದ್ರಲ್ಲಿ, ಕುರ್ಚಿ ಎಳೆದೆ ಅಂತ ಒಂದ್ಸಲ ತಲೆ ಎತ್ತಿ ನೋಡ್ದೆ ನೀನು. ಏನೂ ಅನ್ಲಿಲ್ಲ, ಸುಮ್ನೆ ನೋಡ್ದೆ ಅಷ್ಟೆ. ಆಮೇಲಿಂದ ಹೀಗೇ. ಈಗ ರೂಢಿ ಆಗೋಗಿದೆ ಬಿಡು."

ದೂರಿನ ದನಿಯಲ್ಲ ಅದು. ಉಪ್ಪಿನ ಡಬ್ಬಿ ಎಲ್ಲಿದೆ ಎಂದು ಕೇಳಿದರೆ ಹೇಳುವಂಥ ದನಿ. ಆ ನೋಟ ಅವಳ ನೆನಪಿನಲ್ಲೇ ಇರಲಿಲ್ಲ. ಅತ್ತೆ ಶಾಲೆಯಲ್ಲಿ ಡ್ರಿಲ್ ಟೀಚರ್ ಆಗಿದ್ದವರು. ಕಾರಿಡಾರಿನ ತುದಿಯಲ್ಲಿ ಅವರ ಹೆಜ್ಜೆ ಕೇಳಿದರೆ ಸಾಕು, ಸಾಲಾಗಿ ಎಲ್ಲ ತರಗತಿಗಳೂ ಬೆನ್ನು ನೆಟ್ಟಗೆ ಮಾಡಿ ಕೂರುತ್ತಿದ್ದವು ಎಂದು ಗಂಡ ಹೇಳುತ್ತಿದ್ದ. ಅವನದು ಬರೀ ಬುರುಡೆ ಎಂದುಕೊಂಡಿದ್ದಳು. ಅವಳಂತೂ ಆ ಹೆಜ್ಜೆಯನ್ನು ಒಂದು ದಿನವೂ ಕೇಳಿರಲಿಲ್ಲ.

ಈಗ ಸುಮ್ಮನೆ ಕೆಳಗಿಳಿದು ಹೋಗಿ ಬಿಲ್ಡರ್ ಕೈ ಕುಲುಕಿದರೆ ಮುಗಿಯಿತು. ಇಲ್ಲವೆಂದರೆ ನೆಲಕ್ಕೆ ಇನ್ನೊಂದು ಪದರ, ಪದರ ಹೆಚ್ಚಿದರೆ ಕಟ್ಟಡದ ಎತ್ತರ, ಎತ್ತರ ಮಿತಿ ಮೀರಿದರೆ ತುತ್ತತುದಿಯ ಮನೆಗಳಿಗೇ ಕತ್ತರಿ. ಆಕಾಶ ಕಾಣಲೆಂದು ಅವಳು ಜೀವ ಸುರಿದು ಬಿಡಿಸಿದ್ದ ಮನೆಗಳವು.

"ಶಾಲೇಲಿ ಹೇಗೆ ನಡೀತಿದ್ರಿ ಅತ್ತೆ?"

"ಅದೆಲ್ಲ ಈಗ್ಯಾಕೆ? ನಿನ್ನ ನೆಲ ಫೇಲಾದ್ರೆ?"

"ಆದ್ರೆ ಆಗ್ಲಿ. ನಂಗೆ ಕೇಳ್ಬೇಕು."

ಅತ್ತೆ ಅವಳ ಮುಖವನ್ನೇ ನೋಡಿದರು. ತಮಾಷೆಯಲ್ಲವೆಂದು ಖಾತ್ರಿಯಾದ ಮೇಲೆ ಹೊರಟರು. ಮೊದಲ ಸುತ್ತು ನಾಚಿಕೆಯಲ್ಲೇ ಹೋಯಿತು. ಎರಡನೆಯದರಲ್ಲಿ ಹಿಮ್ಮಡಿ ಇಳಿಯಿತು. ಆಮೇಲೆ ಭುಜ ಹಿಂದಕ್ಕೆ ಸರಿದು, ಕೈಗಳು ಬೀಸತೊಡಗಿ, ಕಿಟಕಿಯ ಗಾಜು ಗಿಲಿಗಿಲಿ ಎಂದಿತು. ಗಂಡ ಹೇಳಿದ್ದು ಕಡಿಮೆಯೇ. ಅವಳ ಅಂಗಾಲಿನಿಂದ ಮೊಣಕಾಲಿನವರೆಗೂ ಆ ನಡಿಗೆ ಹತ್ತಿ ಬಂತು.

ಫೋನ್ ಬಡಿದುಕೊಂಡಿತು. ಬಿಲ್ಡರ್.

"ಇನ್ನೊಂದು ಪದರ ಬೇಕು ಸರ್," ಅವರು ಬಾಯಿ ತೆರೆಯುವ ಮೊದಲೇ ಅವಳು ಹೇಳಿದಳು. "ತುತ್ತತುದಿಯ ಮಹಡಿ ಕೈಬಿಡೋಣ."

"ಹೂಂ, ಕೇಳಿಸ್ತಿದೆ. ಪದರ ಹಾಕಿಯೇ ಕಟ್ಟೋಣ," ಎಂದರು ಬಿಲ್ಡರ್. "ಅದಿರ್ಲಿ, ಈಗ ಮೇಲೆ ಬಂದೋರು ಯಾರು?"

ಅತ್ತೆ ಬಾಗಿಲ ಬಳಿ ಗರಕ್ಕನೆ ತಿರುಗಿ ಮತ್ತೆ ಕಿಟಕಿಯತ್ತ ಹೊರಟಿದ್ದರು. ಅವಳು ದಾರಿ ಬಿಟ್ಟು ಗೋಡೆಗೆ ಒತ್ತಿ ನಿಂತಳು.

"ನಮ್ಮತ್ತೆ ಸರ್. ಈಗ ತಾನೆ ಬಂದ್ರು."