ಎಡಗಡೆಯ ಹಿಂದಿನ ಸೀಟು

“ಬ್ಯಾಡ್ರಿ ಸಾವ್ಕಾರ್ರ,” ಎಂದು ರಾಣೇಬೆನ್ನೂರಿನ ಮೆಕ್ಯಾನಿಕ್ ಅಸ್ಲಮ್ ಬಾನೆಟ್ ಮುಚ್ಚಿದ. “ಇದು ಓಡಿ ಸವದದ್ದಲ್ಲ, ನಿಂತು ಸವದದ್ದು.”

ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ ವಿರೂಪಾಕ್ಷಪ್ಪ ಆ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಆ ಬಿಳಿ ಕಾರು ಆರು ವರ್ಷ ಹಾವೇರಿಯ ಒಂದು ದೊಡ್ಡ ಕಚೇರಿಗೆ ಬಾಡಿಗೆಗಿತ್ತು. ಸಾಹೇಬರು ಮೀಟಿಂಗಿನಲ್ಲಿದ್ದರೆ ಹೊರಗೆ ತಾಸುಗಟ್ಟಲೆ ಎಂಜಿನ್ ಓಡುತ್ತಲೇ ಇರುತ್ತಿತ್ತು. ಅವರು ಬರುವಾಗ ಸೀಟು ತಣ್ಣಗಿರಬೇಕಲ್ಲ. ಈಗ ಅವರಿಗೆ ವರ್ಗವಾಗಿತ್ತು, ಬಾಡಿಗೆಯ ಕರಾರೂ ಮುಗಿದಿತ್ತು. ಮಾಲೀಕ ವೀರೇಂದ್ರ ಗಾಡಿ ಮಾರಲು ನಿಂತಿದ್ದ.

ಗೋದಾಮಿನ ಜಾಗದ ಖಾತೆಗಾಗಿ ವಿರೂಪಾಕ್ಷಪ್ಪ ಎರಡು ವರ್ಷ ಆ ಕಚೇರಿಯ ಮೆಟ್ಟಿಲು ಕಾದವನು. ಫೈಲು ಹಿಡಿದು ಹತ್ತಿರ ಹೋಗುವಷ್ಟರಲ್ಲಿ ಈ ಕಾರಿನ ಬಾಗಿಲು ಮುಚ್ಚಿಕೊಳ್ಳುತ್ತಿತ್ತು. ಆ ಮೆತ್ತನೆಯ ಸದ್ದು ಅವನಿಗೆ ನಿದ್ದೆಯಲ್ಲೂ ಗುರುತು ಸಿಗುತ್ತಿತ್ತು. ಮೆಕ್ಯಾನಿಕ್‌ಗೆ ತೋರಿಸಲೇಬೇಕೆಂದು ಹಟ ಹಿಡಿದವಳು ಹೆಂಡತಿ ಸುಶೀಲವ್ವ. ಅದೇ ರೊಕ್ಕಕ್ಕೆ ಹೊಸದೊಂದು ಸಣ್ಣ ಕಾರು ಬರುತ್ತದೆ ಎಂಬುದು ಅವಳ ವಾದ. ಸಣ್ಣ ಕಾರಿಗೆ ಗೇಟು ಯಾರು ತೆಗೆಯುತ್ತಾರೆ ಎಂಬುದು ಅವನ ಉತ್ತರ. ಅದನ್ನವನು ಬಾಯಿಬಿಟ್ಟು ಹೇಳಲಿಲ್ಲ.

ಒಂದು ಸುತ್ತು ಓಡಿಸಿ ನೋಡುವೆನೆಂದು ಸ್ಟಿಯರಿಂಗ್ ಹಿಡಿದ. ಕಾಯಿಪಲ್ಯದ ಚೀಲ ಹಿಡಿದು ಜೊತೆಗೆ ಬಂದಿದ್ದ ಸುಶೀಲವ್ವ ಸಿಟ್ಟಿನಿಂದ ಮುಂದೆ ಕೂಡದೆ ಹಿಂದೆ ಹತ್ತಿದಳು. ಸುತ್ತು ಹೋಗಿ ಮುಟ್ಟಿದ್ದು ಹಾವೇರಿಯ ಆ ಕಚೇರಿಯನ್ನೇ.

ವಾಚ್‌ಮನ್ ಬೀಡಿ ಎಸೆದು ಎದ್ದ. ಗೇಟು ಪೂರ್ತಿ ತೆರೆದು ಸಲಾಮು ಹೊಡೆದ. ಎರಡು ವರ್ಷ ವಿರೂಪಾಕ್ಷಪ್ಪನಿಗೆ ‘ಆಚೆ ನಿಂದರು’ ಎಂದಿದ್ದ ಕೈ ಅದು. ಮೆಟ್ಟಿಲ ಮೇಲಿದ್ದ ಏಳೆಂಟು ಮಂದಿ ಎದ್ದು ನಿಂತರು. ಅವರಲ್ಲೊಬ್ಬ ಮುದುಕ ಹೆಗಲ ಮೇಲಿನ ಟವೆಲ್ಲನ್ನು ಕಂಕುಳಿಗೆ ಇಳಿಸಿದ.

ಹೊಸ ಸಾಹೇಬರು ಇಂದು ನಾಳೆ ಬರುವವರಿದ್ದರು. ಪ್ಯೂನ್ ಓಡಿ ಬಂದು ಎಡಗಡೆಯ ಹಿಂದಿನ ಬಾಗಿಲು ತೆಗೆದ. ಕಾಯಿಪಲ್ಯದ ಚೀಲ ಹಿಡಿದ ಹೆಂಗಸನ್ನು ಕಂಡು ಒಂದು ಗಳಿಗೆ ತಡವರಿಸಿ, “ನಮಸ್ಕಾರ್ರಿ ಮೇಡಮ್ಮಾರ,” ಎಂದು ಕೈಮುಗಿದ. ಅವಳು ಇಳಿಯಲಿಲ್ಲ. ಪ್ಯೂನ್ ಬಾಗಿಲನ್ನು ಮೆತ್ತಗೆ ಮುಚ್ಚಿ, ಮುಂದೆ ಬಂದು ಗಾಜು ತಟ್ಟಿದ.

“ಏ ಡ್ರೈವರ, ಮೇಡಮ್ಮಾರಿಗೆ ಬಿಸಲು ಬಡಿಯೂದು ಕಾಣಸೂದಿಲ್ಲೇನು? ನೆಳ್ಳಿಗೆ ಹಚ್ಚು ಗಾಡಿ.”

ವಿರೂಪಾಕ್ಷಪ್ಪ ನೆರಳಿಗೆ ಹಚ್ಚಿದ. ಸುಶೀಲವ್ವ ನಗಲಿಲ್ಲ, ನಕ್ಕಿದ್ದರೆ ಹಗುರಾಗುತ್ತಿತ್ತು. ತಪ್ಪು ಗಾಡಿಯದಲ್ಲ, ತಾನು ಕುಳಿತ ಜಾಗದ್ದು ಎಂದು ಅವನಿಗೆ ನಿಧಾನವಾಗಿ ಹೊಳೆಯಿತು. ವೀರೇಂದ್ರನಿಗೆ ಫೋನ್ ಹಚ್ಚಿ, ಗಾಡಿ ತನಗಿರಲಿ, ಅದರ ಹಳೆಯ ಡ್ರೈವರ್ ಮಲಂಗಸಾಬನನ್ನೂ ಗೊತ್ತು ಮಾಡಿಕೊಡು ಎಂದ.

ಅಷ್ಟರಲ್ಲಿ ಆ ಮುದುಕ ಅರ್ಜಿ ಹಿಡಿದು ಹಿಂದಿನ ಕಿಟಕಿಗೆ ಬಂದಿದ್ದ. ಸುಶೀಲವ್ವ ಗುಂಡಿ ಒತ್ತಿದಳು, ಮತ್ತೊಮ್ಮೆ ಒತ್ತಿದಳು.

“ರೀ, ಈ ಗ್ಲಾಸು ಇಳೀವಲ್ದು. ಹಿರ್ಯಾ ಏನೋ ಹೇಳಾಕತ್ತಾನ.”

ಫೋನಿನಲ್ಲಿ ವೀರೇಂದ್ರನಿಗೂ ಅದು ಕೇಳಿಸಿತು. “ಅದೊಂದು ಜಾಮ್ ಆಗೇತ್ರಿ. ಆರು ವರ್ಷದಾಗ ಯಾರೂ ಇಳಿಸೇ ಇಲ್ಲ ನೋಡ್ರಿ. ನಾಳೆ ರಿಪೇರಿ ಮಾಡಿಸಿ ಕೊಡ್ತೇನಿ.”

ವಿರೂಪಾಕ್ಷಪ್ಪ ಕನ್ನಡಿಯಲ್ಲಿ ನೋಡಿದ. ಗಾಜಿನಾಚೆ ಮುದುಕನ ತುಟಿಗಳು ಅಲುಗುತ್ತಿದ್ದವು. ಸದ್ದು ಇರಲಿಲ್ಲ.

“ಬ್ಯಾಡ,” ಎಂದ. “ಹಂಗ ಇರ್ಲಿ.”