ಬುವಾರ ಉಸಿರು

"ಎಂತದಾ ತಮಾ, ಬುವಾರ ದಮ್ಮಿನ ರೋಗ ನಿಂಗೂ ಅಂಟ್ಕಂತಾ?" ಮುಂದೆ ಕೂತ ಬೊಮ್ಮಯ್ಯಜ್ಜ ಕೇಳಿದ್ದೇ ತಡ, ಭಟ್ಕಳದ ಹಳೇ ಬಸದಿಯಲ್ಲಿ ಸಂಗೀತೋತ್ಸವಕ್ಕೆ ಸೇರಿದ್ದ ಜನ ಗೊಳ್ಳೆಂದರು. ಗ್ಯಾಸ್‌ಲೈಟಿನಡಿ ಹಾಡುತ್ತಾ ಸಾಲಿನ ನಡುವೆ ಉಸಿರಿಗೆ ನಿಂತಿದ್ದ ದುರ್ಗಪ್ಪನ ಕಿವಿ ಕೆಂಪಾಯಿತು.

ಅವನಿಗೆ ಯಾವ ದಮ್ಮೂ ಇರಲಿಲ್ಲ. ವರ್ಷಗಟ್ಟಲೆ ಗುರು ವಾಮನ ಬುವಾರ ಹಿಂದೆ ತಂಬೂರಿ ಮೀಟಿ, ಬೈಗುಳ ತಿಂದು ಕಲಿತ ಹಾಡು ಅದು. ಅವರು ಉಸಿರು ಸಾಲದೆ ಸುಂಯ್ ಎಂದು ನಿಲ್ಲುತ್ತಿದ್ದ ಜಾಗವನ್ನೂ ಹಾಡಿನದ್ದೇ ಎಂದು ಕಲಿತುಬಿಟ್ಟಿದ್ದ. ಇವತ್ತು ಮೊದಲ ಸಲ ಒಬ್ಬನೇ ಹಾಡಿ ಗೆದ್ದು, ನಾಳೆಯಿಂದ ಆ ಮುದುಕನ ಹೊಸಿಲು ತುಳಿಯಬಾರದೆಂದಿದ್ದ.

ಸಿಟ್ಟಿನಲ್ಲಿ ಅದೇ ಸಾಲನ್ನು ಒಂದೇ ಉಸಿರಿಗೆ ಮುಗಿಸುತ್ತೇನೆಂದು ಮತ್ತೆ ಎತ್ತಿದ. ದನಿ ಸರಸರನೆ ಏರಿತು. ಅದೇ ಜಾಗ ಬಂತು. ಎದೆ ತುಂಬ ಉಸಿರಿದ್ದೂ ಗಂಟಲು ಗಕ್ಕನೆ ನಿಂತು ಸುಂಯ್ ಎಂದಿತು.

ಕಂಬಕ್ಕೊರಗಿದ್ದ ಬುವಾ ಕಣ್ಣು ಮುಚ್ಚಿ, ಸರಿಯಾಗಿ ಅಲ್ಲಿಗೇ ತಲೆದೂಗಿದರು.